ಸೋಮವಾರ ರಜೆಯ ಲ್ಯಾಪ್‌ಟಾಪ್

ನಮ್ಮ ಕಾಕಾನ ಲ್ಯಾಪ್‌ಟಾಪಿಗೆ ಪ್ರತಿ ಸೋಮವಾರ ರಜೆ. ನಂಬುವುದಿಲ್ಲವೇ? ಯಾವುದಾದರೂ ಒಂದು ಸೋಮವಾರ ತುಕ್ಕಾನಟ್ಟಿಗೆ ಹೋಗಿ, ಅದರ ಮುಚ್ಚಳ ತೆಗೆಯಲು ಕೈ ಚಾಚಿ ನೋಡಿ. ಕೈ ನೆಟ್ಟಗೆ ವಾಪಸು ಬಂದರೆ ನಿಮ್ಮ ಪುಣ್ಯ!

ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ಒಕ್ಕಲುತನದ ಮನುಷ್ಯ. ಸೋಮವಾರ ಬಸವಣ್ಣನ ವಾರವೆಂದು ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಕಾಕಾನ ಮನೆಗೆ ಟ್ರ್ಯಾಕ್ಟರ್ ಬಂತು, ಎತ್ತುಗಳು ಹೋದವು. ಆದರೆ ಎತ್ತಿನ ರಜೆ ಮಾತ್ರ ಮನೆಯಲ್ಲೇ ಉಳಿಯಿತಲ್ಲ, ಅದನ್ನು ಯಾರಿಗಾದರೂ ಕೊಡಬೇಕಲ್ಲ? ಲ್ಯಾಪ್‌ಟಾಪಿಗೆ ಕೊಟ್ಟರು.

"ದುಡಿಯೋ ಜೀವಕ್ಕ ವಾರಕ್ಕ ಒಂದಿನ ಬಿಡುವು ಬ್ಯಾಡೇನು?"

"ಕಾಕಾ, ಅದಕ್ಕ ಜೀವ ಎಲ್ಲಿ ಐತ್ರಿ?"

"ಮತ್ತ ಮೈ ಯಾಕ ಬಿಸಿ ಆಗತೈತಿ?"

ಇದಕ್ಕೇನು ಉತ್ತರ ಹೇಳುತ್ತೀರಿ? ನಾನು ಗೋಕಾಕದ ಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವವಳು. ಒಳಗಿನ ಫ್ಯಾನಿನ ಕಥೆ ಶುರುಮಾಡುವಷ್ಟರಲ್ಲಿ ಕಾಕಾ ಹೊಲಕ್ಕೆ ಹೊರಟಾಗಿತ್ತು.

ಆ ಲ್ಯಾಪ್‌ಟಾಪು ಮೊದಲು ಅವರ ಮಗಳದ್ದಾಗಿತ್ತು. ಅವಳ ಕೊನೆಯ ವರ್ಷದ ರಿಸಲ್ಟ್ ಬಂದದ್ದು ದುರದೃಷ್ಟಕ್ಕೆ ಸೋಮವಾರ. ಹುಡುಗಿ ಅತ್ತಳು, ಕರೆದಳು, ಕಾಲು ಹಿಡಿದಳು. "ಇವತ್ತ ಪಾಸಾದಾಕಿ ನಾಳೆ ನಾಪಾಸ್ ಆಕ್ಕಿ ಏನು?" ಎಂದು ಕಾಕಾ ಪೇಪರ್ ಓದುತ್ತಾ ಕೂತರು. ಪಾಪ, ಅವಳು ಪಕ್ಕದ ಮನೆಯವರ ಫೋನಿನಲ್ಲಿ ಪಾಸಾಗಬೇಕಾಯಿತು! ಮದುವೆಯಾಗಿ ಬೆಲ್ಲದ ಬಾಗೇವಾಡಿಗೆ ಹೋಗುವಾಗ ಅವಳು ಅದನ್ನು ತವರಿನಲ್ಲೇ ಬಿಟ್ಟುಹೋದಳು. ಇಂಥ ರಜೆಕೋರನನ್ನು ಗಂಡನ ಮನೆಗೆ ಯಾರು ಒಯ್ಯುತ್ತಾರೆ?

ಅಂದಿನಿಂದ ಕಾಕಾನದೇ ಕಾರುಬಾರು. ಮುಚ್ಚಳದ ಮೇಲೆ ಮೂರು ಬೆರಳಿನ ವಿಭೂತಿ. ಎತ್ತಿನ ಕೋಡಿಗೆ ಬಣ್ಣ ಬಳಿಯುವ ಕಾರ ಹುಣ್ಣಿಮೆ ಬಂದರೆ ಇದರ ಎರಡು ತುದಿಗೆ ಕೆಂಪು ಬಣ್ಣ. ಕೋಡಿಲ್ಲದಿದ್ದರೇನಾಯಿತು, ಮೂಲೆಗಳಿವೆಯಲ್ಲ!

ಇಷ್ಟೆಲ್ಲ ಉಪಚಾರ ಮಾಡಿದರೂ ಅದಕ್ಕೆ ವಯಸ್ಸಾಯಿತು. ಗುಂಡಿ ಒತ್ತಿ, ಹೊಲಕ್ಕೆ ಹೋಗಿ, ಕಬ್ಬಿಗೆ ನೀರು ಹಾಯಿಸಿ ಬಂದರೆ ಆಗ ಕಣ್ಣು ಬಿಡುತ್ತಿತ್ತು. ಒಂದು ದಿನ ಅದೂ ನಿಂತಿತು. ಕಾಕಾನ ಫೋನು ಬಂತು. "ಯವ್ವಾ, ಅದು ಏಳವಲ್ದು. ಲಗೂನ ಬಾ."

"ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಬೇಕಾಗತೈತ್ರಿ ಕಾಕಾ. ಒಳಗಿದ್ದದ್ದೆಲ್ಲಾ ಅಳಿಸಿ ಹೊಕ್ಕೈತಿ. ಏನೇನ ಉಳಸಬೇಕ್ರಿ?"

"ಏನ ಹೋದ್ರೂ ಹೋಗಲಿ. ಇಸ್ಪೀಟ್ ಆಟ ಒಂದು ಇರಬೇಕು."

ನಾನು ಫೋನಿನಲ್ಲೇ ನಕ್ಕುಬಿಟ್ಟೆ. ಯಾಕೆಂದರೆ ಇಸ್ಪೀಟಿಗೆ ಇವರಷ್ಟು ದೊಡ್ಡ ವೈರಿ ಮೂರು ತಾಲ್ಲೂಕಿನಲ್ಲಿ ಇರಲಿಲ್ಲ. ಕಟ್ಟೆಯ ಮೇಲೆ ಆಡುತ್ತಿದ್ದವರ ಕೈಯಿಂದ ಎಲೆ ಕಿತ್ತುಕೊಂಡು ಕಾಲುವೆಗೆ ಎಸೆದವರು ಇವರು! ಆಟೀನ್ ರಾಣಿ ಮಸಗುಪ್ಪಿಯ ತನಕ ತೇಲಿಹೋದಳೆಂದು ಊರವರು ಇಂದಿಗೂ ಹೇಳುತ್ತಾರೆ. ಅಂಥವರಿಗೆ ಈ ವಯಸ್ಸಿನಲ್ಲಿ ಇಸ್ಪೀಟಿನ ಚಟ! ಊರೆಲ್ಲ ಮುಸಿಮುಸಿ ನಗುತ್ತಿತ್ತು.

ಭಾನುವಾರ ಮೂಡಲಗಿ ಬಸ್ಸು ಹಿಡಿದು ಹೋದೆ. ಕಾಕಾನ ಹೆಂಡತಿ, ನಮ್ಮ ಕಾಕು, ಎಡಗೈಯಲ್ಲಿ ಚಹಾ ತಂದುಕೊಟ್ಟರು. ಹೋದ ವರ್ಷ ಲಕ್ವ ಹೊಡೆದಾಗಿನಿಂದ ಅವರ ಬಲಗೈ ಸೆರಗಿನೊಳಗೇ ಇರುತ್ತದೆ. ಹಿಂದಿನ ಸಲ ನಾನು ಹೊರಟಾಗ ಕುಂಕುಮದ ಬಟ್ಟಲನ್ನು ಎಡಗೈಯಲ್ಲಿ ಮುಂದೆ ಹಿಡಿದು, "ನೀನ ಹಚ್ಕೋ ಯವ್ವಾ, ಎಡಗೈಲೆ ಹೆಂಗ ಹಚ್ಚಲಿ?" ಅಂದು ಮುಖ ಆಚೆ ತಿರುಗಿಸಿದ್ದರು. ನನಗೆ ಬಹಳ ಸಂಕಟವಾಗಿತ್ತು.

ಲ್ಯಾಪ್‌ಟಾಪ್ ಬಿಚ್ಚಿದೆ. ಫ್ಯಾನಿನ ತುಂಬ ವಿಭೂತಿ! ಕೀಲಿಗಳ ಸಂದಿಯಲ್ಲಿ ನಾನೇ ತಂದುಕೊಟ್ಟ ಕರದಂಟಿನ ಚೂರುಗಳು! ಎಲ್ಲ ತೆಗೆದು, ಹೊಸ ಸಿಸ್ಟಮ್ ಹಾಕಲು ಹಚ್ಚಿದೆ. ಕಾಕಾ ಹೆರಿಗೆ ಕೋಣೆಯ ಮುಂದೆ ಕೂತವರಂತೆ ಕೂತಿದ್ದರು. ಸಂಜೆಯ ಹೊತ್ತಿಗೆ ಅದು ಲಕಲಕ ಎಂದು ಎದ್ದಿತು. ಹಳೆಯ ಇಸ್ಪೀಟು ಮಾತ್ರ ಹಳೆಯ ಸಿಸ್ಟಮ್ಮಿನ ಜೊತೆಗೇ ಹೋಗಿತ್ತು. ಇನ್ನೊಂದನ್ನು ಇಳಿಸಿಕೊಂಡು, ಜಂಬದಿಂದ ಒಂದು ಎಲೆಯ ಮೇಲೆ ಒತ್ತಿದೆ. ಅದು ಟಣ್ಣನೆ ಜಿಗಿದು ತನ್ನ ಜಾಗದಲ್ಲಿ ಹೋಗಿ ಕೂತಿತು.

ಕಾಕಾನ ಮುಖ ಸಪ್ಪಗಾಯಿತು. "ಇದು ತಾನ ಹೊಕ್ಕೈತಲ್ಲ!"

"ಹೊಸಾದ್ರಿ. ಶಾಣ್ಯಾ ಐತಿ."

"ಶಾಣ್ಯಾ ಬ್ಯಾಡ ನಮಗ. ಹಳೇದ್ರಾಗ ಎಲಿ ಒತ್ತಿ ಹಿಡದು, ಎಳಕೊಂಡು ಒಯ್ದು ಬಿಡಬೇಕಿತ್ತು. ಹಂಗ ಬೇಕು."

"ಇಸ್ಪೀಟದಾಗೂ ದುಡಿಮಿ ಬೇಕೇನ್ರಿ ಕಾಕಾ?" ನಾನು ನಕ್ಕೆ.

ಅವರು ನಗಲಿಲ್ಲ. ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಡಾಕ್ಟರ್ ಒಂದು ರಬ್ಬರ್ ಚೆಂಡು ಕೊಟ್ಟಿದ್ರು, ಬಲಗೈಲೆ ಒತ್ತಾಕ. ನಾಕ ದಿನ ಒತ್ತಿ ಮೂಲ್ಯಾಗ ಒಗದ್ಳು ನಿಮ್ಮ ಕಾಕು. ಈ ಆಟಕ್ಕ ಕುಂತ್ಳಂದ್ರ ಏಳೂದಿಲ್ಲ. ಈಗೀಗ ಬೆರಳು ಮಾತ ಕೇಳಾಕತ್ತಾವು. ಎಲಿ ತಾನ ಹೋದ್ರ ಆಕಿ ಕೈ ಹೆಂಗ ನಡೀಬೇಕವಾ?"

ಚಟ ಯಾರದು, ಆಟ ಯಾರದು! ಊರ ನಗುವನ್ನೆಲ್ಲ ಈ ಮನುಷ್ಯ ತಮ್ಮ ತಲೆಯ ಮೇಲೆ ಹಾಕಿಕೊಂಡು ಕೂತಿದ್ದರು. ಎಲೆ ತಾನಾಗಿ ಹೋಗದಂತೆ ಮಾಡುವ ಸೆಟ್ಟಿಂಗ್ ಹುಡುಕೋಣ ಅಂದುಕೊಳ್ಳುವಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿ ಎಂದೋ ಕೈಲಾಸ ಸೇರಿದ್ದರಿಂದ ಲ್ಯಾಪ್‌ಟಾಪೂ ಕಣ್ಣು ಮುಚ್ಚಿತು.

ಕರೆಂಟು ಬಂದದ್ದು ಮರುದಿನ ಬೆಳಿಗ್ಗೆ. ಸೋಮವಾರ! ನನಗೋ ಬಸ್ಸಿನ ಹೊತ್ತಾಗಿತ್ತು. ಲ್ಯಾಪ್‌ಟಾಪಿನ ಹತ್ತಿರ ಹೋಗಲೂ ಧೈರ್ಯವಿಲ್ಲದೆ ಕೂತಿದ್ದೆ. ಸ್ನಾನ ಮಾಡಿ ವಿಭೂತಿ ಧರಿಸಿ ಬಂದ ಕಾಕಾ ಅದರ ಮುಂದೆ ನಿಂತು ಎರಡೂ ಕೈ ಮುಗಿದರು.

"ಇವತ್ತೊಂದಿನ ಹೂಡತೇನಿ. ಸಿಟ್ಟ ಮಾಡಬ್ಯಾಡ."

ಮುಚ್ಚಳವನ್ನು ತಾವೇ ತೆಗೆದರು. ಮಗಳ ರಿಸಲ್ಟಿಗೆ ತೆಗೆಯದ ಮುಚ್ಚಳ ಅದು! ನಾನು ಸೆಟ್ಟಿಂಗ್ ಹುಡುಕಿ ಬದಲಿಸಿದೆ. ಎಲೆ ಈಗ ಎಳೆದರೆ ಮಾತ್ರ ಸರಿಯುತ್ತಿತ್ತು.

"ಸೋಮವಾರ ಅದನ್ನ ಯಾಕ ಎಬ್ಬಿಸೀರಿ? ನಿಮಗ ಬುದ್ಧಿ ಐತೋ ಇಲ್ಲೋ?" ಎಂದು ಬೈಯುತ್ತಲೇ ಕಾಕು ಬಂದು ಕೂತರು. ಸೆರಗಿನಿಂದ ಬಲಗೈ ಹೊರಬಂತು. ಎಲೆ ಅರ್ಧ ದಾರಿಗೆ ಬಂದು ಜಾರಿ ಹಿಂದಕ್ಕೆ ಓಡಿತು. ಮತ್ತೆ ಹಿಡಿದರು, ಮತ್ತೆ ಓಡಿತು. "ಸಾವಕಾಶ, ಸಾವಕಾಶ! ಕರೀ ರಾಣಿ ಮ್ಯಾಲ ಕೆಂಪ ಗುಲಾಮನ್ನ ಇಡು!" ಎಂದು ಇಸ್ಪೀಟಿನ ಮಹಾವೈರಿ ಕೂಗಿದರು. ಗುಲಾಮ ನಡುಗುತ್ತಾ ಹೋಗಿ ರಾಣಿಯ ಮೇಲೆ ಕೂತ.

ನಾನು ಹೊರಟೆ. ಕಾಕು ಕುಂಕುಮದ ಬಟ್ಟಲು ತಂದರು. ನಾನೇ ಹಚ್ಚಿಕೊಳ್ಳಲೆಂದು ಬೆರಳು ಚಾಚಿದೆ.

"ತಡಿ," ಅಂದರು.

ಬಟ್ಟಲು ಎಡಗೈಯಲ್ಲಿತ್ತು. ಬಲಗೈಯ ಬೆರಳು ಕುಂಕುಮದೊಳಗೆ ಇಳಿದು, ನಡುಗುತ್ತಾ, ನಿಂತು, ಮತ್ತೆ ಹೊರಟು, ಕೊನೆಗೆ ನನ್ನ ಎಡ ಹುಬ್ಬಿನ ಮೇಲೆ ಬಂದು ಮುಟ್ಟಿತು. ಕಾಕಾ ಗೋಡೆಯ ಕಡೆ ತಿರುಗಿ ನಿಂತು ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಗೋಕಾಕದ ಶಾಲೆಯಲ್ಲಿ ಮಕ್ಕಳು ನಕ್ಕರು. "ಟೀಚರ್, ಕುಂಕುಮ ಸೊಟ್ಟ ಆಗೇತ್ರಿ!"

"ಇರಲಿ ಬಿಡ್ರೋ," ಅಂದೆ. ಅವತ್ತು ಮನೆಗೆ ಹೋದ ಮೇಲೂ ನಾನು ಮುಖ ತೊಳೆಯಲಿಲ್ಲ.