ಅಳಿಯನ ದರಿಯಾ ಯಾತ್ರೆ

ಸಮುದ್ರದ ದಂಡೆಯ ಗುಂಟ ಸೈಕಲ್ ಹೊಡೆಯದೆ ಈ ದೇಹವನ್ನು ಮಣ್ಣಿಗೆ ಒಪ್ಪಿಸಲಾರೆ! ಈ ಘನಘೋರ ಪ್ರತಿಜ್ಞೆಯನ್ನು ನಾನು ಮಾಡಿದ್ದು ಆಳಂದದ ಒಂದು ಕ್ಷೌರದಂಗಡಿಯಲ್ಲಿ, ಮುಖದ ತುಂಬ ಸಾಬೂನಿನ ನೊರೆ ಇದ್ದಾಗ. ಎದುರಿನ ಗೋಡೆಗೆ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಅದರಲ್ಲಿ ಇಬ್ಬರು ಗೆಳೆಯರು ಪಟ್ಟೆಪಟ್ಟೆಯ ಅರ್ಧ ಚಡ್ಡಿ ತೊಟ್ಟು, ಕಪ್ಪು ಕನ್ನಡಕ ಏರಿಸಿ, ನೀಲಿ ನೀರಿನ ಪಕ್ಕದಲ್ಲಿ ಹಲ್ಲು ಕಿರಿಯುತ್ತ ಸೈಕಲ್ ಹೊಡೆಯುತ್ತಿದ್ದರು. ನಾನೋ, ನೀರು ಅಂತ ನೋಡಿದ್ದೇ ಬಾವಿ, ಹಳ್ಳ ಮತ್ತು ಮನಸ್ಸು ಬಂದಾಗ ಬರುವ ಆಳಂದದ ನಳ!

ನನ್ನ ಪ್ರತಿಜ್ಞೆ ದೇವರ ಕಿವಿಗೆ ಬಿದ್ದಿರಬೇಕು. ಮರುವಾರವೇ ಗೆಳೆಯ ಚಮನಸಾಬ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಕಾಲೇಜಿನಲ್ಲಿ ನನ್ನ ಬೆಂಚಿನವ, ಈಗ ಅಫಜಲಪುರದಲ್ಲಿ ಬಟ್ಟೆ ವ್ಯಾಪಾರಿ. ಹೊರಟ ಬಸ್ಸಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದ:

“ಏ ಶಾಂತಲಿಂಗಪ್ಪಾ! ಶನಿವಾರ ಸಂಜೀಕ ಸೈಕಲ್ ತಗೊಂಡು ನಮ್ಮ ಮನೀಗಿ ಬಾರಲೇ! ದರಿಯಾ ಕಿನಾರೆ ಗುಂಟ ಸುತ್ತಿ ಬರೂಣು! ಬಂದೋಬಸ್ತ್ ಎಲ್ಲಾ ನಂದು!”

ದರಿಯಾ! ನನ್ನ ಮೈ ಜುಮ್ಮೆಂದಿತು. ನಾನು ಹುಟ್ಟಿದ್ದು ಗಡಿಯ ಊರು ಮಾದನಹಿಪ್ಪರಗಾದಲ್ಲಿ. ನಮ್ಮವ್ವ ಗಡಿಯಾಚೆಯ ಮರಾಠಿ ಸೀಮೆಯಿಂದ ಬಂದವಳು. ಅವಳ ಬಾಯಲ್ಲಿ ದರಿಯಾ ಅಂದರೆ ಸಮುದ್ರ, ಬೇರೆ ಮಾತೇ ಇಲ್ಲ. ಚಮನಸಾಬನ ಭಾವನೊಬ್ಬ ಮುಂಬಯಿಗೆ ಲಾರಿ ಓಡಿಸುತ್ತಿದ್ದ. ಸೈಕಲ್ಲುಗಳು ಲಾರಿ ಏರುತ್ತವೆ, ನಾವು ಸಮುದ್ರದ ಪಕ್ಕ ಇಳಿಯುತ್ತೇವೆ. ಇಷ್ಟನ್ನು ಬಿಡಿಸಿ ಕೇಳಲು ನಾನೇನು ಮೊದ್ದೇ?

ಮನೆಗೆ ಬಂದವನೇ ಹೆಂಡತಿ ಕಸ್ತೂರಿಬಾಯಿಯ ಮುಂದೆ ಎದೆಯುಬ್ಬಿಸಿ ನಿಂತೆ.

“ನಾ ಕಡಲಿಗೆ ಹೊಂಟೇನಿ!”

“ಕಡಲಿ ಮನ್ಯಾಗೇ ಅವಲ್ಲರಿ, ಡಬ್ಬಿ ತುಂಬ. ಅದಕ್ಯಾಕ ಹೊರಗ ಹೊಂಟೀರಿ?”

“ಕಡಲಿ ಅಲ್ಲ, ಕಡಲು! ಸಮುದ್ರ! ಈ ರವಿವಾರ!”

ಅವಳ ಕೈಯಲ್ಲಿದ್ದ ಲಟ್ಟಣಿಗೆ ಅಲ್ಲಿಗೇ ನಿಂತಿತು. “ಈ ರವಿವಾರ ಕರಜಗಿಗೆ ಹೋಗೂದದ. ಅವ್ವ ಕಬ್ಬಿನ ಗಾಣ ಹೂಡ್ಯಾಳ. ಅಳಿಯ ಬಂದು ಬಿಸಿ ಬೆಲ್ಲ ತಿಂದ ಮ್ಯಾಲೇ ಮಂದಿಗಿ ಹಂಚತೇನಿ ಅಂದಾಳ. ಮರತ್ರೇನು?”

“ಬೆಲ್ಲ ಎಲ್ಲಿ, ಸಮುದ್ರ ಎಲ್ಲಿ! ಬೆಲ್ಲ ವರ್ಷಾ ಆಗ್ತದ.”

“ಹಂಗಾರ ನನ್ನೂ ಕರ್ಕೊಂಡು ಹೋಗ್ರಿ. ನಾನೂ ಸಮುದ್ರ ಕಂಡಿಲ್ಲ. ಲಗ್ನಾದಾಗಿಂದ ಆಳಂದ ಬಿಟ್ಟು ಎಲ್ಲಿಗಿ ಕರ್ಕೊಂಡು ಹೋಗೀರಿ, ಹೇಳ್ರಿ?”

“ಇದು ಗಂಡಸರ ಸಾಹಸ ಯಾತ್ರಾ! ಮೊದಲ ನಾ ನೋಡಿ ಬರ್ತೇನಿ. ಪಾಸಾದ್ರ ನಿನಗೂ ತೋರಸ್ತೇನಿ.”

ಅವಳು ಬೈಯಲಿಲ್ಲ. ಅಲ್ಲಿಯೇ ನನಗೆ ಎಚ್ಚರವಾಗಬೇಕಿತ್ತು. ಕಸ್ತೂರಿಬಾಯಿ ಬೈದರೆ ಮನೆಯಲ್ಲಿ ಕ್ಷೇಮ, ಸುಮ್ಮನಾದರೆ ಸಂಕಟ. ಶುಕ್ರವಾರವೇ ಒಬ್ಬಳೇ ತವರೂರು ಕರಜಗಿಯ ಹಾದಿ ಹಿಡಿದಳು. ಹೋಗುವಾಗ ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. ಮನಸ್ಸಿಗೆ ಚುಚ್ಚಿತು. ಆದರೆ ಅಷ್ಟರಲ್ಲಿ ಸುದ್ದಿ ನಮ್ಮ ಆಫೀಸನ್ನು ದಾಟಿ ಊರಿಗೆಲ್ಲ ಹಬ್ಬಿತ್ತು. ಸಹೋದ್ಯೋಗಿ ದೌಲತರಾಯರು ನನ್ನ ಕೊರಳಿಗೆ ಹಾರ ಹಾಕಿ, ಸಮುದ್ರರಾಜನಿಗೆ ಒಡೆಯಲು ತೆಂಗಿನಕಾಯಿ ಕೊಟ್ಟು, ಭಾಷಣವನ್ನೂ ಮಾಡಿಬಿಟ್ಟಿದ್ದರು. ದರ್ಜಿ ಕ್ಯಾಲೆಂಡರ್ ನೋಡಿ ನೋಡಿಯೇ ಪಟ್ಟೆಯ ಅರ್ಧ ಚಡ್ಡಿ ಹೊಲಿದುಕೊಟ್ಟಿದ್ದ. ಇನ್ನು ಹಿಂದೆ ಸರಿಯುವುದು ಹೇಗೆ?

ಶನಿವಾರ ಸೈಕಲ್ಲನ್ನು ಬಸ್ಸಿನ ತಲೆಯ ಮೇಲೆ ಹೇರಿ ಅಫಜಲಪುರ ಸೇರಿದೆ. ನನ್ನ ಗಂಟು ನೋಡಿ ಚಮನಸಾಬ ಹುಬ್ಬೇರಿಸಿದ.

“ಇಷ್ಟೆಲ್ಲಾ ಸಾಮಾನ ಯಾಕಲೇ?”

“ದರಿಯಾ ಅಂದ್ರ ಸಣ್ಣ ಮಾತೇನೋ!”

“ಅದೂ ಖರೇ,” ಎಂದ ಪುಣ್ಯಾತ್ಮ.

ಬೆಳಗಾಗುತ್ತಲೇ ಅವನ ಹೆಂಡತಿ ನಜಮುನ್ನಿಸಾ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ನಾನು ಚಡ್ಡಿ, ಕಪ್ಪು ಕನ್ನಡಕ ಧರಿಸಿ ಹೊರಬಂದೆ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಲಾರಿ ಊರ ಹೊರಗೆ ನಿಂತಿರಬೇಕೆಂದು ನಾನು ತುಟಿ ಬಿಚ್ಚದೆ ಪೆಡಲ್ ತುಳಿದೆ. ಊರು ದಾಟಿತು, ಲಾರಿಯಿಲ್ಲ. ಎರಿಹೊಲಗಳು ದಾಟಿದವು, ಲಾರಿಯಿಲ್ಲ. ಕೊನೆಗೆ ಒಂದು ದಿಬ್ಬ ಏರಿದೆವು. ಚಮನಸಾಬ ಸೈಕಲ್ ನಿಲ್ಲಿಸಿ, ಸ್ವಂತ ಆಸ್ತಿ ತೋರಿಸುವವನಂತೆ ಕೈ ಚಾಚಿದ.

“ನೋಡು! ಬಂತು ದರಿಯಾ!”

ಕೆಳಗೆ ಭೀಮೆ ತಣ್ಣಗೆ ಹರಿಯುತ್ತಿದ್ದಳು.

“ಇದು ಹೊಳಿಯಲ್ಲೋ!”

“ಹೌದು, ಹೊಳಿ. ದರಿಯಾ.”

“ದರಿಯಾ ಅಂದ್ರ ಸಮುದ್ರ!”

“ಯಾರಂದ್ರು? ನಮ್ಮ ಮನ್ಯಾಗ ದರಿಯಾ ಅಂದ್ರ ಹೊಳಿ. ಸಮುದ್ರಕ್ಕ ಸಮಂದರ್ ಅಂತೇವಿ.”

“ನಮ್ಮ ಮನ್ಯಾಗ ಸಮುದ್ರಕ್ಕೇ ದರಿಯಾ ಅಂತಾರಲೇ!”

“ಹಂಗಾರ ಹೊಳಿಗಿ ಏನಂತೀರಿ?”

“ಹೊಳಿ ಅಂತೇವಿ!”

ಚಮನಸಾಬ ನೆಲಕ್ಕೆ ಕೂತು ಹೊಟ್ಟೆ ಹಿಡಿದು ನಕ್ಕ. ನಾನು ತಲೆ ಹಿಡಿದುಕೊಂಡು ಕೂತೆ. ಎಂಥ ಭಾಷಾ ವೈಭವ ನಮ್ಮದು! ದರಿಯಾ ಎಂಬ ಒಂದು ಶಬ್ದ ನನ್ನನ್ನು ನಡುದಾರಿಯಲ್ಲಿ ಮುಳುಗಿಸಿತ್ತು.

ಆದರೆ ನಿಜ ಹೇಳುತ್ತೇನೆ, ಅಂದಿನ ಸವಾರಿಯಷ್ಟು ಸುಖ ನಾನು ಕಂಡಿಲ್ಲ. ಚಳಿಗಾಲದ ಎಳೆ ಬಿಸಿಲು, ಒಂದು ಮಗ್ಗಲಿಗೆ ನೀರು, ಇನ್ನೊಂದು ಮಗ್ಗಲಿಗೆ ಆಳೆತ್ತರದ ಕಬ್ಬು. ಬೆಳ್ಳಕ್ಕಿಗಳು ನಮ್ಮನ್ನು ನೋಡಿ ಎದ್ದು ಮತ್ತೆ ಅಲ್ಲಿಯೇ ಕೂಡುತ್ತಿದ್ದವು. ನಾವಿಬ್ಬರೂ ಕೈಬಿಟ್ಟು ಸೈಕಲ್ ಹೊಡೆದೆವು, ಕಾಲೇಜಿನ ಮಾಸ್ತರರನ್ನೆಲ್ಲ ಅಣಕಿಸಿದೆವು, ಜಾಲಿಗಿಡದ ನೆರಳಲ್ಲಿ ರೊಟ್ಟಿ ತಿಂದೆವು. ಕಸ್ತೂರಿ ಇಲ್ಲಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಮತ್ತೆ ಸೈಕಲ್ ಏರಿದವನಿಗೆ ಅದೊಂದೇ ಚಿಂತೆ. ಅವಳಿಗೆ ಏನು ಹೇಳುವುದು?

ಯೋಚಿಸುತ್ತಲೇ ಇಳಿಜಾರಿಗೆ ಬಂದಿದ್ದೆ. ಬ್ರೇಕ್ ಹಿಡಿದೆ. ಅದು ಕೈಗೆ ಬಂತೇ ಹೊರತು ಗಾಲಿಗೆ ಹೋಗಲಿಲ್ಲ! ಸೈಕಲ್ಲು ಕಬ್ಬಿನ ನಡುವಿನ ಕಾಲುದಾರಿಗೆ ನುಗ್ಗಿತು. “ಸರೀರೋ! ಸರೀರೋ!” ಎಂದು ಕೂಗುತ್ತ ಹೋದವನು ಕಬ್ಬಿನ ಸಿಪ್ಪೆಯ ದೊಡ್ಡ ಗುಡ್ಡೆಯೊಳಗೆ ತಲೆ ಕೆಳಗಾಗಿ ನೆಟ್ಟೆ. ಚೀಲದಿಂದ ತೆಂಗಿನಕಾಯಿ ಉರುಳಿ ಯಾರದೋ ಪಾದದ ಬಳಿ ನಿಂತಿತು. ಘಮ್ಮೆಂದು ಬಿಸಿ ಬೆಲ್ಲದ ವಾಸನೆ ಬಂತು.

“ಅಯ್ಯಯ್ಯ! ಯಾವನೋ ಚಡ್ಡಿ ಸಾಹೇಬ ಬಿದ್ದಾನ, ನೋಡಬೇ ಕಸ್ತೂರಿ!”

ಆ ಧ್ವನಿ ನನ್ನ ಅತ್ತೆ ಗಂಗಾಬಾಯಿಯವರದು! ಬಸ್ಸಿನ ರಸ್ತೆಯಿಂದ ಎಷ್ಟೋ ಸಲ ಬಂದಿದ್ದ ಕರಜಗಿಯ ಹೊಲವನ್ನು ಹೊಳೆಯ ಕಡೆಯಿಂದ ನಾನು ಗುರುತೇ ಹಿಡಿದಿರಲಿಲ್ಲ.

“ಸಾಹೇಬ ಅಲ್ಲಬೇ ಅವ್ವ,” ಎಂದಳು ಕಸ್ತೂರಿಬಾಯಿ, ಕಾಲುಗಳನ್ನು ನೋಡಿಯೇ. “ನಿನ್ನ ಅಳಿಯ.”

ಅತ್ತೆಯವರು ಗಪ್ಪನೆ ತಲೆಯ ಮೇಲೆ ಸೆರಗೆಳೆದು, ಅಳಿಯನ ಬತ್ತಲೆ ಮೊಣಕಾಲುಗಳಿಗೆ ಬೆನ್ನು ತಿರುಗಿಸಿ ನಿಂತರು. ನಾನು ಸಿಪ್ಪೆ ಕೊಡವಿಕೊಂಡು ಎದ್ದೆ. ಕಬ್ಬಿಣದ ಸಟ್ಟುಗ ಹಿಡಿದು ಕಸ್ತೂರಿ ಎದುರಿಗೇ ಇದ್ದಳು.

“ಸಮುದ್ರ ಏನಾತ್ರಿ?”

ಆಪತ್ಕಾಲದಲ್ಲಿ ನನ್ನ ಬುದ್ಧಿ ಕುದುರೆಯಂತೆ ಓಡುತ್ತದೆ. “ಸಮುದ್ರ ಬಿಟ್ಟು ಬಂದೆ, ಕಸ್ತೂರಿ! ಅರ್ಧ ದಾರ್‍ಯಾಗ ನಿನ್ನ ನೆನಪಾತು. ನೀ ಇಲ್ಲದ ಸಮುದ್ರ ಯಾತಕ್ಕ ಬೇಕು? ಸೈಕಲ್ ಹಿಂಗ ತಿರುಗಿಸಿಬಿಟ್ಟೆ!”

ಅವಳ ಮುಖ ಸಡಿಲಾಯಿತು. ಕಣ್ಣಲ್ಲಿ ನೀರೂ ಬಂತು. “ಖರೇನ್ರಿ? ನನ್ನ ಸಲುವಾಗಿ?”

ಗೆದ್ದೆ! ಎನ್ನುವಷ್ಟರಲ್ಲಿ ಚಮನಸಾಬ ಏದುಸಿರು ಬಿಡುತ್ತ ಬಂದ. “ವೈನಿ, ನಿಮ್ಮ ಗಂಡಗ ಅಕ್ಕಲ್ ಅದ ಏನ್ರಿ? ನಾ ದರಿಯಾ ಅಂದ್ರ ಹೊಳಿ ಅಂದೇನಿ, ಇವ ಸಮುದ್ರ ಅಂತ ತಿಳದು ತೆಂಗಿನಕಾಯಿ ತಗೊಂಡು ಬಂದಾನ!”

ಗಾಣದ ಎತ್ತುಗಳೂ ನಿಂತವು. ಅತ್ತೆಯವರು ಬೆನ್ನು ತಿರುಗಿಸಿಕೊಂಡೇ ಮಾತಾಡಿದರು: “ಹಂಗಾರ ನಾ ಹುಟ್ಟಿದಾಗಿಂದ ಸಮುದ್ರದ ದಂಡಿಗೇ ಇದ್ದೇನಿ ಅನ್ನು! ಇಷ್ಟು ದಿನಾ ಒಬ್ಬರೂ ಹೇಳಲಿಲ್ಲ ನೋಡು.”

ನಗೆಯ ಅಬ್ಬರಕ್ಕೆ ಕಬ್ಬಿನೊಳಗಿನ ಹಕ್ಕಿಗಳೆಲ್ಲ ಹಾರಿಹೋದವು. ಕಸ್ತೂರಿ ಮಾತ್ರ ನಗಲಿಲ್ಲ. ಮುತ್ತುಗದ ಎಲೆಯ ಮೇಲೆ ಬಿಸಿ ಬೆಲ್ಲ ಹಾಕಿ ನನ್ನ ಕೈಗಿಟ್ಟಳು. ನಾನು ತಿಂದು ಮುಗಿಸುವವರೆಗೂ ನಿಂತು ನೋಡಿ, “ನಡ್ರಿ, ನಿಮ್ಮ ಸಮುದ್ರ ತೋರಸ್ರಿ,” ಎಂದಳು.

ಹೊಳೆಗೆ ಹೋದೆವು. ಹಿಂದೆ ಅತ್ತೆ, ಅವರ ಹಿಂದೆ ಚಮನಸಾಬ. ಕಸ್ತೂರಿ ನೀರನ್ನು ಕಣ್ತುಂಬ ನೋಡಿದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಆಳಂದದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

“ಸಣ್ಣಾಕಿದ್ದಾಗ ನಾ ದಿನಾ ಇದನ್ನ ಈಸಿ ದಾಟತಿದ್ದೆರಿ, ಎಮ್ಮಿ ಬಾಲ ಹಿಡಕೊಂಡು. ನಿಮಗ ಈಸು ಬರ್ತದೇನ್ರಿ?”

“ಬರಂಗಿಲ್ಲ,” ಎಂದೆ ಮೆಲ್ಲಗೆ.

“ಹಂಗಾರ ಇಲ್ಲೇ ಕೂಡ್ರಿ. ನನ್ನ ಚಪ್ಪಲಿ ಕಾಯ್ರಿ.”

ಸೀರೆ ಎತ್ತಿ ಕಟ್ಟಿ ಅವಳು ನೀರಿಗಿಳಿದಳು. ಅತ್ತೆಯವರು ನಾಚುತ್ತ ನಾಚುತ್ತ ತಮ್ಮ ಚಪ್ಪಲಿಯನ್ನೂ ಪಕ್ಕದಲ್ಲೇ ಬಿಟ್ಟರು.

“ಲೇ ಶಾಂತಲಿಂಗಪ್ಪ,” ಎಂದ ಚಮನಸಾಬ ಪೈಜಾಮ ಮಡಚುತ್ತ, “ಕೂತಂಗ ನನ್ನವೂ ನೋಡ್ಕೋ!”