ಸಿಂಧೂ ಕಾಕು ಮನೆಯ ಭಜನೆಯಲ್ಲಿ ನನ್ನ ನಿದ್ದೆ

ಕೆಲಸ ಕಲಿಸುವವರು ಎಲ್ಲಿ ಹೋದರೂ ಸಿಗುತ್ತಾರೆ. ಸುಮ್ಮನೆ ಕೂರುವುದನ್ನು ಕಲಿಸುವವರು ಮಾತ್ರ ಅಪರೂಪ. ನನಗೆ ಅಂಥವರು ನಾಗಪುರದಲ್ಲಿ ಸಿಕ್ಕರು. ಆಗ ನಾನು ಹಿಂಗಣಾದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ವಿಭಾಗ ನೋಡಿಕೊಳ್ಳುತ್ತಿದ್ದೆ. ಬಿಡುವಿಲ್ಲದೆ ಓಡಿಸಿದ ಯಂತ್ರ ಒಂದು ದಿನ ಕೈಕೊಡುತ್ತದೆ ಎಂದು ಮ್ಯಾನೇಜರರ ಜತೆ ಜಗಳವಾಡಿ, ಅವಕ್ಕೆ ವಾರಕ್ಕೊಂದು ರಜೆ ಕೊಡಿಸಿದವನು ನಾನೇ. ಯಂತ್ರ ನಿಂತ ದಿನವೇ ರಿಪೇರಿಯವನಿಗೆ ಕೈತುಂಬ ಕೆಲಸ ಎಂಬುದು ಹೊಳೆಯುವಷ್ಟರಲ್ಲಿ ಕಾಲ ಮಿಂಚಿತ್ತು. ಸಾಲದ್ದಕ್ಕೆ ಪ್ರತಾಪ ನಗರದ ನಮ್ಮ ಮನೆಗೆ ಹೊಸದಾಗಿ ಫೋನು ಬಂದಿತ್ತು. ಓಣಿಗೆಲ್ಲ ಪೇಢೆ ಹಂಚಿ ಬರಮಾಡಿಕೊಂಡ ಆ ಫೋನು, ನಾನು ತಟ್ಟೆಗೆ ಕೈಹಾಕುವುದನ್ನೇ ಕಾದಿದ್ದು ಬಡಿದುಕೊಳ್ಳುತ್ತಿತ್ತು. ಆ ಕಡೆಯಿಂದ ಯಾರೋ, "ಸಾಹೇಬ, ಜಲ್ದಿ ಯಾ" ಎಂದು ಮರಾಠಿಯಲ್ಲಿ ಬೇಗ ಬರಹೇಳುತ್ತಿದ್ದರು. ನಾನು ಹೋಗುತ್ತಿದ್ದೆ.

ಒಂದು ಸಂಜೆ ಮನೆಯ ಬಾಗಿಲು ತೆಗೆದ ಹೆಂಡತಿ ನಳಿನಿಗೆ ನಾನು ಕಾರ್ಖಾನೆಯ ಗೇಟಿನಲ್ಲಿದ್ದೇನೆ ಎಂಬ ಗುಂಗಿನಲ್ಲಿ ಜೇಬಿನಿಂದ ಗೇಟ್ ಪಾಸ್ ತೆಗೆದು ತೋರಿಸಿದೆ. ಅವಳು ಅದನ್ನು ಕೈಗೆ ತೆಗೆದುಕೊಂಡು ನೋಡಿ, "ಫೋಟೋದಾಗ ಚಲೋ ಇದ್ದೀರಿ. ಈಗ ಯಾಕ ಹಿಂಗ ಆಗೀರಿ?" ಎಂದಳು. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದೆವು. ಆದರೆ ನಮ್ಮ ಪುಟ್ಟ ಮಗಳು ನನ್ನ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಆಟ ಬಿಟ್ಟು ಒಳಕೋಣೆಗೆ ಓಡುವುದನ್ನು ರೂಢಿಸಿಕೊಂಡಿದ್ದಳು. ಚೆಂಡು ಪುಟಿಸಿದರೆ ಸಿಡುಕುವ, ಹಾಡಿದರೆ ಗದರುವ ಅಪ್ಪನಿಗೆ ಅದೇ ತಕ್ಕ ಸ್ವಾಗತ. ನನಗದು ಗೊತ್ತಿತ್ತು, ಸಂಕಟವೂ ಆಗುತ್ತಿತ್ತು. ಆದರೂ ಮರುದಿನ ಮತ್ತೆ ಗದರುತ್ತಿದ್ದೆ. ಡಾಕ್ಟರು ಎದೆ, ಬೆನ್ನು, ನಾಲಗೆ ಎಲ್ಲ ನೋಡಿ, ರೋಗವೇನೂ ಇಲ್ಲ, ಆರಾಮ ತೆಗೆದುಕೊಳ್ಳಿ ಎಂದರು. ಯಾವ ಅಂಗಡಿಯಲ್ಲಿ ಎಂದು ಕೇಳಬೇಕೆನಿಸಿತು. ಮಲಗಿದರೂ ಕಿವಿ ಫೋನಿನ ಕಡೆಗೇ ಇರುತ್ತಿತ್ತು, ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ.

ಕೊನೆಗೆ ನಳಿನಿ ಒಂದು ಶನಿವಾರ ಸಂಜೆ ನನ್ನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಸಿಂಧೂ ಕಾಕು ಅವರ ಮನೆಗೆ ಹೋದಳು. ಕಾಕು ಎಂದರೆ ನಮ್ಮ ಹಿಂದಿನ ಓಣಿಯಲ್ಲಿದ್ದ, ವಿಜಾಪುರ ಕಡೆಯ ನಿವೃತ್ತ ಶಾಲಾ ಶಿಕ್ಷಕಿ. ಅವರ ಮನೆಯಲ್ಲಿ ಶನಿವಾರಕ್ಕೊಮ್ಮೆ ನಾಲ್ಕಾರು ಕನ್ನಡ ಮನೆಯವರು ಸೇರಿ ದಾಸರ ಪದ ಹೇಳುತ್ತಿದ್ದರು. ಅಲ್ಲಿ ಫೋನಿರಲಿಲ್ಲ. ನಾನು ಗೋಡೆಗೆ ಬೆನ್ನು ಕೊಟ್ಟು ಕೂತೆ, ಮೊದಲ ಪದದ ಪಲ್ಲವಿ ಕೇಳಿದೆ. ಆಮೇಲೆ ಕಣ್ಣುಬಿಟ್ಟಾಗ ಮಂಗಳಾರತಿ ನನ್ನ ಮೂಗಿನ ಕೆಳಗೇ ಇತ್ತು. ಗೊರಕೆ ಹೊಡೆದೆನೇ ಎಂದು ನಳಿನಿಯನ್ನು ಕೇಳಿದೆ. ಕೆಲವು ಪದಗಳಿಗೆ ಮಾತ್ರ ಎಂದಳು.

ಮುಂದಿನ ವಾರ ಮಾನ ಉಳಿಸಿಕೊಳ್ಳಲು ಅವಳೇ ಒಂದು ಉಪಾಯ ಹೂಡಿ ನನ್ನ ಕೈಗೆ ತಾಳ ಕೊಡಿಸಿದಳು. ಕೈಯಲ್ಲಿ ಕೆಲಸವಿದ್ದರೆ ಎಚ್ಚರವಿರುತ್ತಾರೆ ಎಂಬ ಲೆಕ್ಕ. ನನಗೆ ನಿದ್ದೆ ಬಂತು, ಕೈಗೆ ಬರಲಿಲ್ಲ. ಕನಸಿನಲ್ಲಿ ಕಾರ್ಖಾನೆಯ ಪ್ರೆಸ್ಸು ಓಡುತ್ತಿತ್ತೋ ಏನೋ, ಕೈ ಅದರ ವೇಗ ಹಿಡಿಯಿತು. ಹಿಂದೆ ಬೀಳಬಾರದೆಂದು ಹೆಂಗಸರೆಲ್ಲ ಏದುಸಿರು ಬಿಡುತ್ತ ಹಾಡಿ, ಅಂದಿನ ಭಜನೆ ಅರ್ಧ ವೇಳೆಯಲ್ಲೇ ಮುಗಿದುಹೋಯಿತಂತೆ. ಹಾರ್ಮೋನಿಯಂ ನುಡಿಸುವ ರಾಯರಿಗೆ ಸಿಟ್ಟು ಬಂತು. ದೇವರ ಮುಂದೆ ನಿದ್ದೆ ಮಾಡುವುದು ಶೋಭಿಸುವುದಿಲ್ಲ, ಮನೆಯಲ್ಲಿ ಮಲಗಲಿ ಎಂದರು. ಕಾಕು ನನ್ನ ಕೈಯಿಂದ ತಾಳ ಬಿಡಿಸಿಕೊಂಡು ಹೇಳಿದರು: "ನಾವು ಯಾತಕ್ಕ ಹಾಡತೀವ್ರಿ ರಾಯರ? ಮನಸ್ಸಿಗೆ ಶಾಂತಿ ಸಿಗಲಿ ಅಂತ. ಅವಗ ಸಿಕ್ಕೇ ಬಿಟ್ಟದ. ನಮಗ ಇನ್ನೂ ಸಿಕ್ಕಿಲ್ಲ, ನಾವು ಹಾಡೋಣು."

ಅಂದಿನಿಂದ ಆ ಗೋಡೆ ನನ್ನದಾಯಿತು. ಶನಿವಾರ ಸಂಜೆ ಕಾರ್ಖಾನೆ ಹೊತ್ತಿ ಉರಿದರೂ ನಾನು ಸಿಗುವುದಿಲ್ಲ ಎಂದು ಹೇಳಿಬಿಟ್ಟೆ. ಅದು ಹೊತ್ತಿ ಉರಿಯಲೂ ಇಲ್ಲ, ನನ್ನನ್ನು ಅಷ್ಟಾಗಿ ನೆನೆಯಲೂ ಇಲ್ಲ. ಇದರಿಂದ ಸ್ವಲ್ಪ ಬೇಜಾರಾದದ್ದು ನಿಜ. ಅಲ್ಲಿ ಕಲಿತ ನಿದ್ದೆ ಮೆಲ್ಲಗೆ ಮನೆಗೂ ಬಂತು. ಒಂದು ದಿನ ಮಗಳು ಸ್ಕೂಟರಿನ ಸದ್ದಿಗೆ ಒಳಗೆ ಓಡದೆ, ಚೆಂಡನ್ನು ನನ್ನ ಕಡೆಗೇ ಎಸೆದಳು. ಹಿಡಿಯಲಾಗದೆ ಅದು ಚರಂಡಿಗೆ ಬಿತ್ತು, ಇಬ್ಬರೂ ಬಗ್ಗಿ ತೆಗೆದೆವು. ಆ ಭಜನೆಯವರ ಋಣ ದೊಡ್ಡದು ಎಂದು ನನಗೆ ಅಂದೇ ಅನಿಸಿತು.

ಋಣ ತೀರಿಸಲು ಹೊರಟದ್ದೇ ತಪ್ಪಾಯಿತು. ಮುಂದಿನ ಶನಿವಾರ ಮೊದಲ ಬಾರಿಗೆ ಕೊನೆಯವರೆಗೂ ಎಚ್ಚರವಿದ್ದೆ. ಎಚ್ಚರವಿದ್ದವನಿಗೆ ಕಿವಿಯೂ ಕೇಳುತ್ತದಲ್ಲ! ಹಾರ್ಮೋನಿಯಂ ಒಂದು ದಾರಿ, ಹಾಡು ಇನ್ನೊಂದು ದಾರಿ. ಇಬ್ಬರು ಒಂದೇ ಪದದ ಬೇರೆ ಬೇರೆ ಚರಣ ಹೇಳುತ್ತಿದ್ದರು. ಪ್ರಸಾದ ಕೈಗೆ ಬಂದ ಕೂಡಲೇ ಕಾಕು ಹತ್ತಿರ ಹೋಗಿ, ಹಾರ್ಮೋನಿಯಂ ನಾನೇ ಬಿಚ್ಚಿ ರಿಪೇರಿ ಮಾಡುತ್ತೇನೆ, ಹಾಡುವವರಿಗೆ ಸರದಿ ಗೊತ್ತುಮಾಡೋಣ, ದೂರದ ಉಮರೇಡ್ ಊರಿನಿಂದ ಬರುವವರ ಬಸ್ಸು ನೋಡಿ ವೇಳೆ ಬದಲಿಸೋಣ, ಎಲ್ಲ ನನಗೆ ಬಿಡಿ ಎಂದು ಒಂದೇ ಉಸಿರಿಗೆ ಹೇಳಿದೆ.

ಕಾಕು ಎಲ್ಲವನ್ನೂ ಕೇಳಿ, ಜ್ವರ ನೋಡುವವರ ಹಾಗೆ ನನ್ನ ಹಣೆ ಮುಟ್ಟಿದರು. "ತಮ್ಮಾ, ನಿನಗ ಇನ್ನೂ ಪೂರಾ ಆರಾಮ ಆಗಿಲ್ಲ. ಬರೂ ವಾರ ಬಂದು ಮಲಕೋ."

ಹೇಳಿದ ಹಾಗೆ ಮುಂದಿನ ವಾರ ಹೋಗಿ ಗೋಡೆಗೆ ಒರಗಿದೆ. ಹಾಡು ಶುರುವಾಯಿತು. ಶ್ರುತಿ ಎಲ್ಲೆಲ್ಲಿ ತಪ್ಪುತ್ತಿದೆ ಎಂದು ಗಮನವಿಟ್ಟು ಕೇಳತೊಡಗಿದೆ. ಪಲ್ಲವಿಯಲ್ಲಿ ತಪ್ಪಿದ್ದು ಗೊತ್ತಾಯಿತು. ಚರಣದಲ್ಲಿ ಏನಾಯಿತೋ ನಳಿನಿಯನ್ನೇ ಕೇಳಬೇಕು.