ಅಟ್ಟ ಹತ್ತಲು ಅರ್ಧ ಮುದ್ದೆ

ಇದನ್ನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆಂದು ಮೊದಲೇ ಹೇಳಿಬಿಡುವುದು ಮರ್ಯಾದೆ. ಮನುಷ್ಯನ ಸಿಟ್ಟಿಗೆ ಕಾಮ, ಲೋಭ, ಅಹಂಕಾರ ಎಂದು ಹಿರಿಯರು ನಾನಾ ಕಾರಣಗಳನ್ನು ಹೇಳಿದ್ದಾರೆ. ಅವರೆಲ್ಲ ಪ್ರಾಯಶಃ ಹೊಟ್ಟೆ ತುಂಬ ಉಂಡು ಹೇಳಿದವರು. ಅರ್ಧ ಮುದ್ದೆ ಉಂಡು ಕೈ ತೊಳೆದು, ಇನ್ನರ್ಧ ಮುದ್ದೆ ಅಡುಗೆಮನೆಯಲ್ಲಿ ಬೆಚ್ಚಗೆ ಕೂತಿದೆಯೆಂದು ಗೊತ್ತಿದ್ದೂ ಜಗಲಿಗೆ ಬಂದು ಕೂರಬೇಕಾದವನ ಸಿಟ್ಟು ಅವರ ಗಮನಕ್ಕೆ ಬಂದಂತಿಲ್ಲ. ಆ ಕೊರತೆಯನ್ನು ತುಂಬಲು ನಾನು ಇದ್ದೇನೆ.

ನಮ್ಮದು ತಿಪಟೂರು ಸೀಮೆ. ಇಲ್ಲಿ ತೆಂಗು ಬೆಳೆಯದವನು ಕೊಬ್ಬರಿ ವ್ಯಾಪಾರ ಮಾಡುತ್ತಾನೆ, ಅದನ್ನೂ ಮಾಡದವನು ಕೊಬ್ಬರಿ ರೇಟಿನ ಬಗ್ಗೆ ಭಾಷಣ ಮಾಡುತ್ತಾನೆ. ನನಗೆ ತೋಟವಿದೆ, ತೋಟಕ್ಕೆ ತಕ್ಕ ಅಟ್ಟವಿದೆ. ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ತಿಳಿಯಲು ಮೇಲೆ ಹತ್ತಿ, ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಟಲೊಟ ಎಂದರೆ ಇಳಿಸಬಹುದು. ಸದ್ದಿನಲ್ಲಿ ಎಲ್ಲೋ ಒಂದಿಷ್ಟು ನೀರಿದ್ದರೆ ಕಾಯಬೇಕು. ನಮ್ಮ ಮನೆಯಲ್ಲಿ ಆ ಕಿವಿ ನನ್ನದು. ಮಿಕ್ಕ ಅಧಿಕಾರಗಳೆಲ್ಲ ಒಂದೊಂದಾಗಿ ಕೈಬಿಟ್ಟುಹೋಗಿವೆ. ತೋಟದ ಮೋಟರು ಮಗ ಮಹೇಶನಿಗೆ, ಟೀವಿ ರಿಮೋಟು ಸೊಸೆಗೆ, ನಾನು ಯಾವ ಅಂಗಿ ಹಾಕಿಕೊಂಡು ಹೊರಡಬೇಕೆಂಬ ತೀರ್ಮಾನ ನನ್ನ ಹೆಂಡತಿ ಪಾರ್ವತಿಗೆ. ಅಟ್ಟವೊಂದು ಉಳಿದಿತ್ತು.

ಅದಕ್ಕೂ ಕಲ್ಲು ಬಿತ್ತು. ಏಣಿ ಹತ್ತುತ್ತಿದ್ದಾಗ ಕಾಲ ಕೆಳಗಿನ ಮೆಟ್ಟಿಲು ಲಟಕ್ಕೆಂದಿತು. ನಾನು ಬೀಳಲಿಲ್ಲ, ಏಣಿಗೆ ಜೋತುಬಿದ್ದೆ ಅಷ್ಟೆ. ಆದರೆ ಆ ಸದ್ದು ಪಾರ್ವತಿಯ ಕಿವಿಗೆ ಬಿತ್ತು. "ಇಳೀರಿ ಕೆಳಗೆ. ತೂಕ ಇಳಿಯೋಗಂಟ ನೀವು ಅಟ್ಟ ಹತ್ತಂಗಿಲ್ಲ," ಎಂದಳು.

"ಏಣಿ ಹಳೇದಾಗಿತ್ತು ಕಣೇ. ಬದಲಾಯ್ಸಿದ್ರೆ ಆಯ್ತು."

"ಏಣಿ ಬದಲಾಯ್ಸಬೋದು. ನಿಮ್ಮ ಸೊಂಟ ಬದಲಾಯ್ಸಿ ಕೊಡೋರು ಯಾರು?"

ಅಷ್ಟರಲ್ಲಿ ಮಹೇಶ ಬಂದು, "ನಾನೇ ಹತ್ತಿ ನೋಡ್ತೀನಿ ಬುಡಿ ಅಪ್ಪಾಜಿ. ಅಲ್ಲಾಡ್ಸೋದು ತಾನೆ," ಎಂದ. ಅಲ್ಲಾಡಿಸುವುದು ತಾನೆ. ನಲವತ್ತು ವರ್ಷದ ವಿದ್ಯೆಗೆ ಸಿಕ್ಕ ಗೌರವ ಇದು. ಇವನು ಹತ್ತಿದ, ಕಾಯಿ ಆಗಿದೆ ಎಂದ. ರೇಟು ಚೆನ್ನಾಗಿರುವಾಗ ಇವನ ಕಿವಿಗೆ ಎಲ್ಲ ಕಾಯಿಯೂ ಆಗಿರುತ್ತದೆ. ನಾನು ನೋಡದೆ ಒಂದು ಕಾಯಿಯೂ ಇಳಿಯಕೂಡದೆಂದು ಜಗಲಿಯಿಂದಲೇ ಆಜ್ಞೆ ಹೊರಡಿಸಿದೆ. ಪಾರ್ವತಿ ಒಪ್ಪಿದಳು, ತಾನು ಹಾಕಿದ ಗೆರೆಗೆ ನನ್ನ ತೂಕ ಇಳಿಯಬೇಕೆಂಬ ಷರತ್ತಿನ ಮೇಲೆ. ಆ ಷರತ್ತು ದಿನಕ್ಕೆ ಮೂರು ಹೊತ್ತು ತಟ್ಟೆಯಲ್ಲಿ ಬಂದು ಕೂರುತ್ತಿದೆ.

ಅವಳು ನನ್ನನ್ನು ಕರೆದೊಯ್ದು ತೋರಿಸಿದ ಡಾಕ್ಟರರು ಹೇಳಿದ್ದು ಇಷ್ಟೆ: ಉಪವಾಸ ಬೇಡ, ಅರ್ಧ ತಟ್ಟೆ ಸೊಪ್ಪು ತರಕಾರಿ, ಜತೆಗೆ ಕಾಳು, ಮುದ್ದೆ ಅರ್ಧ, ರಾತ್ರಿಯೂಟ ಬೇಗ, ನಡುವೆ ಬಾಯಾಡಿಸುವುದು ಬಂದ್. ಇದನ್ನು ಹೇಳುವಾಗ ಅವರ ಅಂಗಿಯ ನಡುಗುಂಡಿ ಪ್ರಾಣ ಕೈಯಲ್ಲಿ ಹಿಡಿದುಕೊಂಡಿತ್ತು. ಅದನ್ನು ನಾನು ಪಾರ್ವತಿಗೆ ತೋರಿಸಿದೆ. "ಅವ್ರು ನಮ್ಮ ಅಟ್ಟ ಹತ್ತಲ್ಲವಲ್ಲ," ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಹುರುಳಿಕಾಯಿ ಪಲ್ಯಕ್ಕೆ ಪಟ್ಟಾಭಿಷೇಕವಾಗಿದೆ. ಅಟ್ಟದ ತುಂಬ ಕಾಯಿ, ಅದರ ಕೆಳಗೇ ಕೂತು ಉಣ್ಣುವ ಯಜಮಾನನ ಚಟ್ನಿಗೆ ಒಂದು ಚಮಚ ತುರಿ. ಮಿಕ್ಕಿದ್ದೆಲ್ಲ ಹುರಿಗಡಲೆ. ನಿಧಾನವಾಗಿ ಅಗಿಯಬೇಕಂತೆ. ಅಗಿದೆ. ನಿಧಾನವಾಗಿ ಅಗಿದಷ್ಟೂ ಅದು ಹುರಿಗಡಲೆಯೆಂಬ ಸತ್ಯ ಗಟ್ಟಿಯಾಗುತ್ತ ಹೋಯಿತು.

ಮನೆಯಲ್ಲಿ ಉಣ್ಣಬೇಡ ಎನ್ನುವವರ ಮೇಲೆ ಎಷ್ಟು ಸಿಟ್ಟೋ, ಹೊರಗೆ ಉಣ್ಣು ಎನ್ನುವವರ ಮೇಲೂ ಅಷ್ಟೇ. ನೊಣವಿನಕೆರೆಯಲ್ಲಿ ನನ್ನ ಚಿಕ್ಕಪ್ಪನ ಮಗಳ ಮನೆಗೆ ನಾಮಕರಣಕ್ಕೆ ಹೋಗಿದ್ದೆವು. ಎಲೆಯ ಮೇಲೆ ಕೈ ಅಡ್ಡ ಹಿಡಿದೆ. ಅವಳು ಬೆರಳ ಸಂದಿಯಲ್ಲೇ ಹೋಳಿಗೆ ತೂರಿಸಿ, "ತಿನ್ನಣ್ಣ. ತಂಗಿ ಮನೇದು ಗಂಟಲಲ್ಲಿ ಇಳಿಯಲ್ವಾ?" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಸಂಬಂಧ ಉಳಿಸಲು ಒಂದು ತಿಂದೆ. ಗಟ್ಟಿ ಮಾಡಲು ಇನ್ನೊಂದು. ಎದುರು ಸಾಲಿನಲ್ಲಿ ಕೂತಿದ್ದ ಪಾರ್ವತಿ ಏನೂ ಹೇಳಲಿಲ್ಲ. ಬಸ್ಸಿನಲ್ಲಿಯೂ ಹೇಳಲಿಲ್ಲ. ರಾತ್ರಿ ತಟ್ಟೆಯಲ್ಲಿ ಸೌತೆಕಾಯಿ ಮಾತ್ರ ಹೇಳಿತು.

ಹೀಗೆ ಕೆಲವು ವಾರ ಕಳೆದ ಮೇಲೆ ತೂಕ ಇಳಿದಿರುವುದಕ್ಕೆ ಸಾಕ್ಷಿ ಬೇಕೆನಿಸಿತು. ಕೊಬ್ಬರಿ ಮಂಡಿಗೆ ಹೋದೆ. ತೂಕ ಹಾಕುವ ಸಿದ್ದಣ್ಣ ನನ್ನ ಓರಗೆಯವನು. ಅವನು ಚೀಲಕ್ಕಿಷ್ಟು, ತೇವಕ್ಕಿಷ್ಟು ಎಂದು ಕಳೆಯುವುದು, ನಾನು ಅದು ಅನ್ಯಾಯವೆಂದು ಕೂಗಾಡುವುದು, ಇದು ನಮ್ಮ ನಡುವೆ ಬಹುಕಾಲದಿಂದ ನಡೆದುಬಂದ ವ್ಯವಹಾರ. ಅವತ್ತು ಚೀಲ ಇಡುವ ತಕ್ಕಡಿಯ ಮೇಲೆ ನಾನೇ ಹತ್ತಿ ನಿಂತೆ.

"ಏನ್ಲಾ, ನಿನ್ನೇ ಮಾರ್ಕೋತಿಯಾ?" ಎಂದ ಸಿದ್ದಣ್ಣ.

"ತೂಕ ಹೇಳ್ಲಾ ಸುಮ್ನೆ."

ಹೇಳಿದ. ಪಾರ್ವತಿ ಹಾಕಿದ್ದ ಗೆರೆಗಿಂತ ಎರಡು ಕೇಜಿ ಹೆಚ್ಚಿತ್ತು. "ಚೀಲ ಕಳಿ," ಎಂದೆ. ಸಿದ್ದಣ್ಣ ನನ್ನ ಮುಖವನ್ನೇ ನೋಡಿದ. "ಪಂಚೆ, ಅಂಗಿ, ಚಪ್ಪಲಿ, ಎಲ್ಲಾ ಚೀಲದ ಲೆಕ್ಕವೇ ಕಣ್ಲಾ. ಈಗಿನ್ನೂ ನೀರು ಕುಡಿದು ಬಂದಿದೀನಿ, ತೇವಕ್ಕೂ ಕಳಿ."

"ಜೀವಮಾನದಲ್ಲಿ ಮೊದಲ್ನೇ ಸಲ ನ್ಯಾಯವಾಗಿ ಮಾತಾಡ್ದೆ ನೋಡು," ಎಂದು ಅವನು ಧಾರಾಳವಾಗಿ ಕಳೆದುಕೊಟ್ಟ.

ಮನೆಗೆ ಬಂದು ಆ ತೂಕವನ್ನು ಗಂಭೀರವಾಗಿ ಘೋಷಿಸಿದೆ. ಪಾರ್ವತಿ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತದೆ, "ಏಣಿ ಚೀಲ ಕಳೆಯಲ್ಲ ಕಣ್ರೀ," ಎಂದಳು. ಸಿದ್ದಣ್ಣನ ಎದುರು ನಾನು ಎಂದೂ ಗೆಲ್ಲದ ವಾದವನ್ನು ಇವಳು ಒಂದೇ ಮಾತಿನಲ್ಲಿ ಗೆದ್ದುಬಿಟ್ಟಳು, ಅದೂ ನನ್ನ ವಿರುದ್ಧ.

ಮತ್ತೆ ಸೊಪ್ಪು, ಮತ್ತೆ ಹುರಿಗಡಲೆ, ಬೆಳಗ್ಗೆ ತೋಟದ ಸುತ್ತ ನಡಿಗೆ. ಆ ಎರಡು ಕೇಜಿ ನೆಂಟರಂತೆ ಹೊರಡುತ್ತೇವೆ ಹೊರಡುತ್ತೇವೆ ಎನ್ನುತ್ತಲೇ ಕೂತಿದ್ದವು. ಕೊನೆಗೆ ಹೋದವು, ಚೀಲ, ತೇವ ಏನನ್ನೂ ಕಳೆಯದೆ. ನಿನ್ನೆ ಹೊಸ ಏಣಿಯ ಕೆಳಗೆ ಪಾರ್ವತಿ ನಿಂತಳು, ಮಹೇಶ ಏಣಿ ಹಿಡಿದ, ನಾನು ಹತ್ತಿದೆ. ಉಬ್ಬಸವಿಲ್ಲದೆ ಹತ್ತಿದೆ. ಅದಕ್ಕೂ ಸಿಟ್ಟು ಬಂತು, ಡಾಕ್ಟರ ಮಾತು ನಿಜವಾಯಿತಲ್ಲ ಎಂದು.

ಒಂದು ಕಾಯಿ ಎತ್ತಿ ಅಲ್ಲಾಡಿಸಿದೆ. ಲೊಟಲೊಟ. ಮೂಲೆಯಿಂದ ಇನ್ನೊಂದು ಎತ್ತಿದೆ. ಅದೂ ಹಾಗೆಯೇ. ಸಂಶಯವೇ ಇರಲಿಲ್ಲ, ಈಗಂತೂ ಮಹೇಶನ ಮಾತೇ ಸರಿ. ಆದರೆ ಇಷ್ಟೊಂದು ಸೊಪ್ಪು ತಿಂದು ಮೇಲೆ ಬಂದದ್ದು ಅವನಿಗೆ ಶಹಭಾಸ್ ಹೇಳುವುದಕ್ಕಲ್ಲ.

"ಹೆಂಗೈತೆ ಅಪ್ಪಾಜಿ?" ಎಂದು ಕೆಳಗಿನಿಂದ ಕೇಳಿದ.

"ಇನ್ನೂ ನೀರೈತೆ. ಹದಿನೈದು ದಿನ ಬುಡಪ್ಪ," ಎಂದೆ.

"ಆಯ್ತು ಬುಡಿ," ಎಂದಳು ಪಾರ್ವತಿ. "ಹದಿನೈದು ದಿನ ಬಿಟ್ಟು ಮತ್ತೆ ಹತ್ತಬೇಕಲ್ಲ, ಅಲ್ಲೀಗಂಟ ಅರ್ಧ ಮುದ್ದೇನೇ ಇರ್ಲಿ."

ಅಟ್ಟದ ಇನ್ನೊಂದು ಬದಿಗೆ ಸರಿದೆ. ಆಮೇಲೆ ಪಕ್ಕದಲ್ಲಿದ್ದ ಕಾಯೊಂದನ್ನು, ಕೆಳಗಿದ್ದವರಿಗೂ ಕೇಳುವಂತೆ, ಜೋರಾಗಿ ಅಲ್ಲಾಡಿಸಿದೆ. "ಈ ಕಡೆಯವೆಲ್ಲ ಆಗವೆ ಕಣ್ಲಾ ಮಹೇಶ. ನಾಳೆನೇ ಇಳಿಸಿಬುಡು," ಎಂದೆ. ಹದಿನೈದು ದಿನ ಬೇಕಿದ್ದ ಕೊಬ್ಬರಿ ಇಷ್ಟು ಬೇಗ ಒಣಗಿದ್ದನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿರಲಾರರು. ಮಹೇಶ ನಗಲಿಲ್ಲ. ಆ ಉಪಕಾರಕ್ಕಾಗಿ ಅವನ ಮೇಲಿನ ಸಿಟ್ಟು ಅರ್ಧಕ್ಕಿಳಿಯಿತು.

ಇಳಿದು, ಕೈಕಾಲು ತೊಳೆದು, ಗೆದ್ದವನ ಠೀವಿಯಲ್ಲಿ ಊಟಕ್ಕೆ ಕೂತೆ. ಪಾರ್ವತಿ ತಟ್ಟೆ ಇಟ್ಟಳು. ಅರ್ಧ ತಟ್ಟೆ ಸೊಪ್ಪು, ಅರ್ಧ ಮುದ್ದೆ.

"ಕಾಯಿ ಇಳಿಸ್ತಾರಲ್ಲೇ ನಾಳೆ," ಎಂದೆ.

"ಇಳಿಸ್ಲಿ," ಎಂದಳು ಸಾರು ಬಡಿಸುತ್ತ. "ಖಾಲಿಯಾದ ಅಟ್ಟಕ್ಕೆ ಹೊಸ ಕಾಯಿ ಏರಿಸೋದು ಬ್ಯಾಡವಾ?"